ಸಾಂಬ್ರಾದಿಂದ ಕಣಕುಂಬಿಗೆ

ಬೆಳಗಾವಿಯ ಪೂರ್ವಕ್ಕಿರುವ ಸಾಂಬ್ರಾ ಗ್ರಾಮದ ಹೆಸರು ಹೊರನಾಡಿನವರ ಕಿವಿಗೆ ಬಿದ್ದುದು ವಿಮಾನಗಳಿಂದ. ಜಪಾನಿನ ಸೇನೆ ಬರ್ಮಾ ದೇಶವನ್ನು ನುಂಗಿದ 1942ರಲ್ಲಿಯೇ ಬ್ರಿಟಿಷ್ ವಾಯುಪಡೆಯು ಇಲ್ಲಿಯ ಬಯಲಿನಲ್ಲಿ ನೆಲೆಯೊಂದನ್ನು ಕಟ್ಟಿ, ತನ್ನವರ ತರಬೇತಿಗೆ ಬಳಸಿಕೊಂಡಿತು. ಯುದ್ಧ ಮುಗಿಯಿತು, ನೆಲೆ ಉಳಿಯಿತು. ಇಂದು ಭಾರತೀಯ ವಾಯುಸೇನೆಯ ತರಬೇತಿ ಶಾಲೆಯೂ ನಾಗರಿಕರ ವಿಮಾನ ನಿಲ್ದಾಣವೂ ಅಲ್ಲಿವೆ. ಅಲ್ಲಿ ಇಳಿದು ಒಂದೇ ದಿನದ ಬಿಡುವುಳ್ಳ ಪ್ರವಾಸಿಯು ಬಹುಮಟ್ಟಿಗೆ ಪೇಟೆಯಲ್ಲಿ ಕುಂದಾ ಕಟ್ಟಿಸಿಕೊಂಡು ನೇರವಾಗಿ ಗೋವೆಯ ದಾರಿ ಹಿಡಿಯುತ್ತಾನೆ. ಆ ಆತುರವನ್ನು ಒಂದು ದಿನದ ಮಟ್ಟಿಗೆ ಬಿಟ್ಟು ಖಾನಾಪುರದ ಕಡೆಗೆ ತಿರುಗಿದವನಿಗೆ ದೊರೆಯುವ ಲಾಭ ಸಣ್ಣದಲ್ಲ.

ಸಾಂಬ್ರಾದಿಂದ ಊರಿಗೆ ಬರುವಾಗ ಮೊದಲು ಎದುರಾಗುವುದು ಕೋಟೆ. ಒಳಗಿರುವ ಕಮಲ ಬಸದಿಯನ್ನು 1204ರಲ್ಲಿ ಕಟ್ಟಿಸಿದವನು ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜ. ಮುಖಮಂಟಪದ ಛತ್ತಿನಿಂದ ಇಳಿಬಿದ್ದ ಕಲ್ಲಿನ ಕಮಲವೇ ಬಸದಿಗೆ ಹೆಸರನ್ನು ಕೊಟ್ಟಿದೆ. ಕತ್ತೆತ್ತಿ ನೋಡಿ ಕತ್ತು ನೋಯುವವರೆಗೂ ಅದರಿಂದ ಕಣ್ಣು ಕೀಳಲಾಗದು. ಗರ್ಭಗೃಹದಲ್ಲಿ ನೇಮಿನಾಥ ತೀರ್ಥಂಕರ.

ಅಲ್ಲಿಂದ ದಕ್ಷಿಣಕ್ಕೆ ಹೊರಟರೆ ಗದ್ದೆ ಬಯಲುಗಳು ಹಿಂದೆ ಸರಿದು ಕಾಡಿನ ಗಾಳಿ ಮುಖಕ್ಕೆ ತಾಗುತ್ತದೆ. ಮಳೆ ಹಿಂದೆಗೆದ ಆಶ್ವಯುಜ, ಕಾರ್ತಿಕಗಳೇ ಈ ಪ್ರವಾಸಕ್ಕೆ ತಕ್ಕ ಕಾಲ. ಖಾನಾಪುರವು ಹೆಂಚಿಗೂ ಮಡಕೆಗೂ ಹೆಸರಾದ ಊರು. ಅಲ್ಲಿಂದ ಸುಮಾರು 14 ಕಿಲೋಮೀಟರಿನಷ್ಟು ಹೋದರೆ ಹಲಸಿ.

ಇಂದು ಹಲಸಿಯು ಹೆಂಚಿನ ಮನೆಗಳ ಒಂದು ಹಳ್ಳಿ. ಇದೇ ಹಿಂದಿನ ಪಲಾಶಿಕಾ ಎಂದರೆ ಬಂದವರು ಒಮ್ಮೆ ಸುತ್ತಲೂ ನೋಡಿಕೊಳ್ಳುತ್ತಾರೆ. ಬನವಾಸಿಯ ಕದಂಬ ಮೃಗೇಶವರ್ಮನು 5ನೆಯ ಶತಮಾನದಲ್ಲಿ ತಂದೆಯ ನೆನಪಿಗಾಗಿ ಇಲ್ಲಿ ಜಿನಾಲಯವನ್ನು ಕಟ್ಟಿಸಿದುದನ್ನು ಇಲ್ಲಿಯೇ ದೊರೆತ ತಾಮ್ರಪಟ ಹೇಳುತ್ತದೆ. ಮುಂದೆ ಗೋವೆಯ ಕದಂಬರಿಗೂ ಇದು ಎರಡನೆಯ ರಾಜಧಾನಿಯಾಯಿತು. ಭೂವರಾಹ ನರಸಿಂಹನ ಗುಡಿ ಅವರ ಕಾಲದ್ದು. ಶಿವಚಿತ್ತ ಪೆರ್ಮಾಡಿ ಮತ್ತು ಅವನ ತಮ್ಮ ವಿಷ್ಣುಚಿತ್ತ ವಿಜಯಾದಿತ್ಯರ ಆಳ್ವಿಕೆಯ 1169ರ ಶಾಸನ ನರಸಿಂಹನ ಗುಡಿಯನ್ನು ಕುರಿತದ್ದು. ಇಲ್ಲಿ ಗರ್ಭಗೃಹಗಳು ಎರಡು, ಒಂದಕ್ಕೊಂದು ಎದುರಾಗಿ. ಒಂದರಲ್ಲಿ ಭೂದೇವಿಯನ್ನೆತ್ತಿದ ವರಾಹ ನಿಂತಿದ್ದಾನೆ. ಇನ್ನೊಂದರಲ್ಲಿ ನಾರಾಯಣ ಕುಳಿತಿದ್ದಾನೆ. ನಡುವಿನ ಮಂಟಪದಲ್ಲಿ ನಿಂತ ಭಕ್ತನು ಯಾವ ಕಡೆ ಕೈಮುಗಿದರೂ ಇನ್ನೊಬ್ಬ ದೇವರಿಗೆ ಬೆನ್ನು ತೋರಿಸಲೇಬೇಕು! ಊರವರಿಗೆ ಇದು ಒಗಟಾಗಿ ತೋರಿಲ್ಲ. ಅವರು ಅತ್ತಲೂ ಇತ್ತಲೂ ಕೈಮುಗಿದು ಹೊರಡುತ್ತಾರೆ.

ಗೋವೆಯ ಕದಂಬರ ರಾಜ್ಯವೂ ಹೀಗೆಯೇ ಎರಡು ಮುಖದ್ದು. ಘಟ್ಟದ ಕೆಳಗೆ ಕೊಂಕಣ 900, ಘಟ್ಟದ ಮೇಲೆ ಪಲಸಿಗೆ 12000. ಸಹ್ಯಾದ್ರಿಯ ನೆತ್ತಿ ಅವರಿಗೆ ಗಡಿಯಾಗಿರಲಿಲ್ಲ, ಮನೆಯ ನಡುಗೋಡೆಯಾಗಿತ್ತು. ಹಲಸಿಯಲ್ಲಿ ಅರಿತ ಈ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಸಾಗಬೇಕು.

ಖಾನಾಪುರಕ್ಕೆ ಮರಳಿ, ಊರಿಗೆ ಸಮೀಪದ ಅಸೋಗೆಯಲ್ಲಿ ಬುತ್ತಿ ಬಿಚ್ಚುವುದು ಉತ್ತಮ. ಬಂಡೆಗಳ ನಡುವೆ ಹರಿಯುವ ಮಲಪ್ರಭೆ, ದಂಡೆಯಲ್ಲಿ ರಾಮಲಿಂಗೇಶ್ವರ. ಊಟವಾದ ಮೇಲೆ ಇದೇ ಹೊಳೆಯ ಮೂಲವನ್ನು ಹುಡುಕುತ್ತ ಜಾಂಬೋಟಿಯ ಮಾರ್ಗವಾಗಿ ಪಶ್ಚಿಮಕ್ಕೆ ನಡೆಯಬೇಕು.

ಜಾಂಬೋಟಿಯಿಂದಾಚೆ ಕಾಡು ದಟ್ಟವಾಗಿ, ಬಿಸಿಲು ತೂತು ತೂತಾಗಿ ರಸ್ತೆಗೆ ಬೀಳುತ್ತದೆ. ಅಲ್ಲಿಂದ 16 ಕಿಲೋಮೀಟರಿಗೆ ಕಣಕುಂಬಿ. ಸಮುದ್ರಮಟ್ಟದಿಂದ 792 ಮೀಟರ್ ಎತ್ತರದ ಈ ಎಡೆಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಮಾವುಲಿ ದೇವಿಯ ಗುಡಿಯ ಬಳಿ ನಿಂತವನಿಗೆ, ಮುಂದೆ ಪಟ್ಟದಕಲ್ಲು ಐಹೊಳೆಗಳ ಪಕ್ಕದಲ್ಲಿ ಹಾಯ್ದು, 304 ಕಿಲೋಮೀಟರ್ ಸಾಗಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವ ನದಿ ಇದೇ ಎಂದರೆ ನಂಬಿಕೆ ಬರುವುದು ಕಷ್ಟ. ಸವದತ್ತಿಯ ಎಲ್ಲಮ್ಮನೇ ಇಲ್ಲಿ ಮಾವುಲಿಯಾಗಿ ನೆಲೆಸಿದಳೆಂದು ಭಕ್ತರ ನಂಬಿಕೆ. ಸವದತ್ತಿಯೂ ಮಲಪ್ರಭೆಯ ಸೀಮೆಯೇ ಅಲ್ಲವೆ?

ಇದೇ ತಾಲ್ಲೂಕಿನ ಭೀಮಗಡದ ಅರಣ್ಯದಲ್ಲಿ ಹುಟ್ಟುವ ಮಹದಾಯಿಯಾದರೋ ಪಶ್ಚಿಮಕ್ಕಿಳಿದು, ಗೋವೆಯಲ್ಲಿ ಮಾಂಡವಿಯೆನಿಸಿ, ಪಣಜಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತಾಳೆ. ಒಂದೇ ಮಳೆ, ನೆತ್ತಿಯ ಈಚೆ ಬಿದ್ದ ಹನಿ ಬಂಗಾಳ ಕೊಲ್ಲಿಗೆ, ಆಚೆ ಬಿದ್ದದ್ದು ಗೋವೆಗೆ. ಕಣಕುಂಬಿಯ ಬಳಿಯ ಕಳಸಾ ಹಳ್ಳವು ಆಚೆಯ ಪಾಲಿನದು. ಅದನ್ನು ಈಚೆಗೆ ತಿರುಗಿಸಬೇಕೆಂಬುದೇ ಎರಡು ರಾಜ್ಯಗಳ ದೀರ್ಘ ವ್ಯಾಜ್ಯ. ಬತ್ತಿದ ಮಲಪ್ರಭೆಯನ್ನು ಕಂಡ ನರಗುಂದ, ನವಲಗುಂದಗಳ ರೈತರೂ ಕುಡಿಯುವ ನೀರಿಗೆ ಕಾಯುವ ಹುಬ್ಬಳ್ಳಿ-ಧಾರವಾಡದವರೂ ಒಂದು ಕಡೆ. ತಮ್ಮ ಹೊಳೆ ಸೊರಗಿ ಉಪ್ಪುನೀರು ಒಳನುಗ್ಗೀತೆಂದು ಅಂಜುವ ಗೋವೆಯವರು ಇನ್ನೊಂದು ಕಡೆ. ನ್ಯಾಯಾಧಿಕರಣವು 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿ.ಎಂ.ಸಿ. ನೀರನ್ನು ಹಂಚಿತು, ಅದರಲ್ಲಿ ಮಲಪ್ರಭೆಗೆ ತಿರುಗಿಸಬಹುದಾದದ್ದು 3.9 ಮಾತ್ರ. ತಕರಾರು ಅಲ್ಲಿಗೂ ತೀರಲಿಲ್ಲ. ಕಣಕುಂಬಿಯ ಆಸುಪಾಸಿನಲ್ಲಿ ಅಗೆದ ಕಾಲುವೆಯ ಕೆಮ್ಮಣ್ಣಿನ ಗಾಯವನ್ನು ನೋಡಿದವನಿಗೆ ಹಲಸಿಯ ಎದುರುಬದುರಿನ ದೇವರು ನೆನಪಾಗದಿರರು.

ಹೊತ್ತು ಇಳಿದಂತೆ ಕಣಿವೆಯಿಂದ ಮಂಜು ಏರಿಬರುತ್ತದೆ. ವಾಹನದವರು ಕತ್ತಲಾಗುವ ಮುನ್ನ ಜಾಂಬೋಟಿ ದಾಟಬೇಕೆಂದು ಅವಸರ ಮಾಡುತ್ತಾರೆ. ಗುಡಿಯ ಬಳಿ ಭಕ್ತರು ತೀರ್ಥವನ್ನು ತಲೆಗೆ ಚಿಮುಕಿಸಿಕೊಂಡು, ಉಳಿದದ್ದನ್ನು ಬಾಟಲಿಗಳಲ್ಲಿ ತುಂಬಿಕೊಳ್ಳುತ್ತಾರೆ. ಅವರಲ್ಲಿ ಕೆಲವರು ಘಟ್ಟ ಇಳಿಯುವವರು, ಕೆಲವರು ಬೆಳಗಾವಿಯ ಕಡೆಗೆ ಮರಳುವವರು.