ಒಂದು ಚುಕ್ಕಿ, ಎರಡು ಬಾಟ್ಲಿ

ಇಲ್ಲಿ ಏನಾದರೂ ಬರೆದು ಬಹಳ ದಿನ ಆಗಿತ್ತು. ನೈಟ್ ಡ್ಯೂಟಿ ಮುಗಿಸಿ ಬಂದರೂ ನಿದ್ದೆ ಇಲ್ಲ. ಹಳೆಯದೊಂದು ನೆನಪಾಯಿತು... ಹೇಳಿಬಿಡುತ್ತೇನೆ.

ನಾನಾಗ ಜಮಖಂಡಿಯಲ್ಲಿ ಹೊಸ ಸ್ಟಾಫ್ ನರ್ಸ್. ಮುಧೋಳ, ಬೀಳಗಿ ಕಡೆಯ ಹಳ್ಳಿಗಳಿಂದಲೂ ಕೂಸುಗಳು ಬರುತ್ತಿದ್ದವು. ಆ ರಾತ್ರಿ ಬಂದದ್ದು ಬನಹಟ್ಟಿಯ ನೇಕಾರರ ಮನೆಯ ಕೂಸು. ಹುಟ್ಟಿ ನಾಲ್ಕು ದಿನ, ತೂಕ 2.8 ಕೆಜಿ. ಹಾಲು ಬಿಟ್ಟಿತ್ತು, ಮೈ ತಣ್ಣಗಿತ್ತು. ರಕ್ತದಲ್ಲಿ ನಂಜಾಗಿದೆ ಎಂದು ಡಾಕ್ಟರು ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್ ಬರೆದರು. ಜೆಂಟಾ 14 ಮಿಲಿಗ್ರಾಂ, ದಿನಕ್ಕೆ ಒಂದೇ ಸಲ.

ಸಿಕ್ಕ ವಯಲ್ ದೊಡ್ಡವರದ್ದು, 2 ಎಂಎಲ್‌ನಲ್ಲಿ 80 ಮಿಲಿಗ್ರಾಂ. ಲೆಕ್ಕಕ್ಕೆ 0.35 ಎಂಎಲ್ ಸಾಕು. ನಿದ್ದೆಗಣ್ಣಲ್ಲಿ ನಾನು ಚುಕ್ಕಿ ಜಾರಿಸಿ 3.5 ಅಂದುಕೊಂಡೆ! ಒಂದು ವಯಲ್ ಖಾಲಿಯಾಯಿತು, ಎರಡನೆಯದು ಕೈಗೆತ್ತಿಕೊಂಡೆ.

ಮೂಲೆಯಲ್ಲಿ ಕೂತಿದ್ದ ಅಜ್ಜಿ ಕೇಳಿದಳು: "ಯಾಕವಾ ತಂಗಿ, ಇಷ್ಟ ಸಣ್ಣ ಕೂಸಿಗೆ ಎರಡೆರಡು ಬಾಟ್ಲಿ ಬೇಕೇನ?"

ಕೈ ನಿಂತುಹೋಯಿತು. ಹತ್ತು ಪಟ್ಟು! ಜೆಂಟಾ ಹೆಚ್ಚಾದರೆ ಕಿಡ್ನಿಗೂ ಪೆಟ್ಟು, ಕಿವಿಗೂ ಪೆಟ್ಟು. "ಬ್ಯಾಡ್ರಿ ಅಜ್ಜಿ, ಒಂದ ಸಾಕು" ಅಂದೆ. ಸಿರಿಂಜ್ ಎಸೆದು, ಡಾಕ್ಟರ ಹತ್ತಿರ ಹೋಗಿ ಅತ್ತುಬಿಟ್ಟೆ.

ಅವರು ಬೈಯಲಿಲ್ಲ. ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿದರು. ಆ 2 ಎಂಎಲ್‌ಗೆ 6 ಎಂಎಲ್ ಸಲೈನ್ ಸೇರಿಸಿದರೆ ಒಂದು ಎಂಎಲ್‌ಗೆ 10 ಮಿಲಿಗ್ರಾಂ. ಆಗ ಕೊಡಬೇಕಾದ್ದು 1.4 ಎಂಎಲ್, ಸಿರಿಂಜ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆಂಪಿಸಿಲಿನ್ ಜೊತೆ ಒಂದೇ ಸಿರಿಂಜ್‌ನಲ್ಲಿ ಬೆರೆಸಬಾರದು, ಜೆಂಟಾದ ಶಕ್ತಿ ಹೋಗುತ್ತದೆ. ಎರಡರ ನಡುವೆ ಸಲೈನ್ ಹಾಕಿ ನಳಿಗೆ ತೊಳೆಯಬೇಕು. ನಿಧಾನಕ್ಕೆ ಕೊಡಬೇಕು, ಸೂಜಿ ಹಾಕಿದ ಜಾಗ ಊದಿದೆಯಾ ಅಂತ ನೋಡುತ್ತಿರಬೇಕು.

ಇನ್ನೊಂದು ಮಾತು. ಸೆಫ್ಟ್ರಿಯಾಕ್ಸೋನ್ ಎಲ್ಲ ಕಡೆ ಸಿಗುತ್ತದೆ ಅಂತ ಕೂಸಿಗೂ ಕೊಟ್ಟುಬಿಡುವಂತಿಲ್ಲ. 28 ದಿನದೊಳಗಿನ ಕೂಸಿಗೆ ಕ್ಯಾಲ್ಸಿಯಂ ಇರುವ ಡ್ರಿಪ್ ಬೇಕಾಗಿದ್ದರೆ ಅದು ಕೂಡದು, ಎರಡೂ ಸೇರಿ ಹರಳಾಗಿ ಶ್ವಾಸಕೋಶ, ಕಿಡ್ನಿಯಲ್ಲಿ ಕೂರುತ್ತದೆ. 2007ರಲ್ಲಿ ಅಮೆರಿಕದ ಎಫ್‌ಡಿಎ ಈ ಎಚ್ಚರಿಕೆ ಕೊಟ್ಟಿತು. ಕಾಮಾಲೆ ಇದ್ದರೂ ಅಪಾಯವೇ.

ಅಂದಿನಿಂದ ನನ್ನದೊಂದು ನಿಯಮ: ಕೂಸಿನ ಒಂದು ಡೋಸಿಗೆ ಎರಡನೇ ವಯಲ್ ಒಡೆಯಬೇಕಾಗಿ ಬಂದರೆ, ಮೊದಲು ಲೆಕ್ಕ ತಪ್ಪಿದೆ ಅಂತಲೇ ತಿಳಿಯಬೇಕು. ಇನ್ನೊಬ್ಬರಿಗೆ ತೋರಿಸದೆ ಕೊಡಬಾರದು.

ಹತ್ತನೇ ದಿನ ಕೂಸು ಮನೆಗೆ ಹೊರಟಿತು. ಅಜ್ಜಿ ನನ್ನ ಕೈ ಹಿಡಿದು "ನೀ ಉಳಿಸಿದಿ ನಮ್ಮ ಕೂಸಿನ್ನ" ಅಂದಳು. ಉಳಿಸಿದ್ದು ಯಾರು ಅಂತ ಹೇಳಲು ಆಗ ನನಗೆ ಬಾಯಿ ಬರಲಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.