ಪಾಳಿ

ಇಚಲಕರಂಜಿಯಲ್ಲಿ ಪಾಳಿ ಎಂದರೆ ಮೊದಲಿಗೆ ಮಗ್ಗದ ಪಾಳಿ. ಹಗಲು ಪಾಳಿ, ರಾತ್ರಿ ಪಾಳಿ. ಮರಾಠಿ ಹೆಂಗಸರು ಮುಟ್ಟಿಗೂ ಪಾಳಿಯೆಂದೇ ಹೇಳುತ್ತಾರೆ. ಕುಂಬಳೆಯಿಂದ ಅಣ್ಣನ ಮನೆಗೆ ಹೋಗಿದ್ದ ಅಮ್ಮ, ಅತ್ತಿಗೆಯ ಪಾಳಿ ಹನ್ನೆರಡು ದಿನವಾದರೂ ಮುಗಿದಿಲ್ಲವೆಂದು ನೆರೆಯಾಕೆ ಹೇಳಿದ್ದನ್ನು ಕೇಳಿ, "ಇವಳು ಯಾವಾಗ ಮಗ್ಗಕ್ಕೆ ಹೋಗಲು ತೊಡಗಿದ್ದು?" ಎಂದು ಗಾಬರಿಪಟ್ಟರಂತೆ. ನಾನು ಹೋದಾಗ ಅದನ್ನು ಹೇಳಿ ನಕ್ಕ ಅತ್ತಿಗೆಯ ತುಟಿಯಲ್ಲಿ ರಕ್ತವೇ ಇರಲಿಲ್ಲ.

ಅವರು ಗಡಹಿಂಗ್ಲಜ ಕಡೆಯ ಕನ್ನಡದವರು, ವಯಸ್ಸು 46. ನಾಲ್ಕು ತಿಂಗಳಿಂದ ಹೆಪ್ಪುಹೆಪ್ಪಾಗಿ ಹೋಗುತ್ತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. "ಈ ವಯಸ್ಸಿಗೆ ಹಂಗ ಆಗತೈತಿ" ಎಂಬ ಸಮಾಧಾನ ಬೇರೆ. ನೆರೆಹೊರೆಯವರ ಸಲಹೆ ಒಂದೇ: "ಪಿಶವಿ ತೆಗೆಸಿಬಿಡು." ಪಿಶವಿ ಎಂದರೆ ಚೀಲ. ನಮ್ಮ ಮಲಯಾಳಿ ನೆರೆಯವರು ಗರ್ಭಪಾತ್ರಂ ಎನ್ನುವುದಕ್ಕೆ ಇಲ್ಲಿ ಸಂತೆಚೀಲದ ಹೆಸರು. ಮಕ್ಕಳಾದ ಮೇಲೆ ಖಾಲಿ ಚೀಲವನ್ನು ಎಸೆಯಲು ಯಾರಿಗೂ ಸಂಕಟವಿಲ್ಲ!

ಕೊಲ್ಹಾಪುರದ ಕಡೆಗೂ ಕಬ್ಬು ಕಡಿಯಲು ಬರುವ ಬೀಡ್ ಜಿಲ್ಲೆಯ ಹೆಂಗಸರ ಕತೆ ಗೊತ್ತಿದ್ದವರಿಗೆ ಈ ಮಾತು ಹಗುರವಾಗಿ ಕೇಳಿಸದು. ಕೆಲಸ ತಪ್ಪಿಸಿದರೆ ದಂಡ. ಹಾಗಾಗಿ ಮುಟ್ಟಿನ ತೊಂದರೆಯೆಂದು ಹೋದವರು ಗರ್ಭಕೋಶ ಕಳೆದುಕೊಂಡು ಬಂದರು. 2019ರಲ್ಲಿ ಸರಕಾರದ ಸಮಿತಿ 82 ಸಾವಿರ ಹೆಂಗಸರ ಸಮೀಕ್ಷೆ ನಡೆಸಿದಾಗ ಅಂಥವರು 13 ಸಾವಿರಕ್ಕೂ ಹೆಚ್ಚು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು.

ನಾವು ಕಂಡ ಡಾಕ್ಟರಮ್ಮ ಮೊದಲು ಕೇಳಿದ್ದು ತಾರೀಕುಗಳನ್ನು. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದಕ್ಕೆ 24ರಿಂದ 38 ದಿನ, ಸ್ರಾವ ಎಂಟು ದಿನದೊಳಗೆ ಇದ್ದರೆ ಸರಿ. ಗಂಟೆಗೊಂದು ಪ್ಯಾಡು ತೊಯ್ದರೆ ಯಾವ ವಯಸ್ಸಿಗೂ ಸರಿಯಲ್ಲ ಎಂದರು. ಬಸಿರಿಲ್ಲವೆಂದು ಖಚಿತ ಮಾಡಿಕೊಂಡು ರಕ್ತ, ಥೈರಾಯ್ಡು, ಸ್ಕ್ಯಾನಿಂಗು ಮಾಡಿಸಿದರು. ಹಿಮೋಗ್ಲೋಬಿನ್ 7.5. ಸಣ್ಣ ಗಡ್ಡೆಯೊಂದು ಕಂಡಿತು. ಆದರೆ ಅದು ಹೊರಮೈಯಲ್ಲಿದ್ದುದರಿಂದ ಇಷ್ಟು ಸ್ರಾವಕ್ಕೆ ಕಾರಣವಾಗಿರಲಾರದಂತೆ. 45 ದಾಟಿದ್ದರಿಂದ ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ಅಣ್ಣ ಸರಿಯಾಗಿ ಉಣ್ಣಲಿಲ್ಲ. ಕ್ಯಾನ್ಸರ್ ಇರಲಿಲ್ಲ.

ಸ್ರಾವ ತಗ್ಗಿಸಲು ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ರಕ್ತಕ್ಕೆ ಕಬ್ಬಿಣದ ಮಾತ್ರೆ. ಆಮೇಲೆ ಗರ್ಭಕೋಶದೊಳಗೆ ಹಾರ್ಮೋನು ಸ್ವಲ್ಪಸ್ವಲ್ಪವೇ ಬಿಡುವ ಪುಟ್ಟ ಸಾಧನ. ಕೆಲವು ತಿಂಗಳು ಆಗಾಗ ಕಲೆ ಕಾಣುವುದುಂಟು, ಹೆದರಿ ತೆಗೆಸಬೇಡಿ ಎಂದರು. ಗರ್ಭಕೋಶ ತೆಗೆಯಲೇಬೇಕಾದ ಕಾಯಿಲೆಗಳೂ ಇವೆ, ಅದನ್ನೂ ಮರೆಮಾಡಲಿಲ್ಲ. ಆದರೆ ಜತೆಗೆ ಅಂಡಾಶಯವೂ ಹೋದರೆ ಎಲುಬು ಬೇಗ ಸವೆಯುತ್ತದೆ ಎಂಬುದನ್ನು "ತೆಗೆಸಿಬಿಡು" ಎಂದವರು ಯಾರೂ ಹೇಳಿರಲಿಲ್ಲ.

ಈಗ ಅತ್ತಿಗೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಕೆಂಪು ಚುಕ್ಕೆಗಳಿವೆ. ಶ್ರಾವಣದಲ್ಲಿ ಎಂಟು, ದೀಪಾವಳಿಯ ತಿಂಗಳಲ್ಲಿ ಎರಡು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ಕೂಡಲೇ ಬರಬೇಕೆಂದು ಡಾಕ್ಟರು ಹೇಳಿದ್ದನ್ನು ಅಣ್ಣ ಅದರ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದಾನೆ. ಮಗಳಿಗೂ ಓದಲು ಬರಲೆಂದು ಕೆಳಗೆ ಮರಾಠಿಯಲ್ಲಿ.