ಬಸವನಗುಡಿಯ ಇರುಳು

ಬೆಂಗಳೂರಿನ ರಾತ್ರಿಯೆಂದೊಡನೆ ಮಹಾತ್ಮ ಗಾಂಧಿ ರಸ್ತೆಯ ದೀಪಾವಳಿಯನ್ನು ನೆನೆಯುವವರೇ ಬಹಳ. ಅದೇ ನಗರದ ದಕ್ಷಿಣಕ್ಕೆ, ಬೇಗನೆ ಕದವಿಕ್ಕಿಕೊಳ್ಳುವ ಬಸವನಗುಡಿಗೂ ತನ್ನದೇ ಆದ ಇರುಳೊಂದಿದೆಯೆಂಬುದನ್ನು ಬಲ್ಲವರು ಕಡಮೆ.

ಈ ಬಡಾವಣೆ ಬೆಳೆದುದು ಭಯದಿಂದ. 1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಪೇಟೆಯ ಇಕ್ಕಟ್ಟಾದ ಬೀದಿಗಳನ್ನು ತೊರೆದ ಸಂಸಾರಗಳಿಗೆ ಉತ್ತರದಲ್ಲಿ ಮಲ್ಲೇಶ್ವರವೂ ದಕ್ಷಿಣದಲ್ಲಿ ಬಸವನಗುಡಿಯೂ ಆಸರೆಯಾದುವು. ಗಾಳಿ ಬೆಳಕುಗಳೇ ಪ್ರಾಣರಕ್ಷಕವೆಂದು ನಂಬಿದ್ದ ಆ ಕಾಲದ ಮನಸ್ಸು ಇಲ್ಲಿನ ಅಗಲವಾದ ರಸ್ತೆಗಳಲ್ಲಿ, ಮನೆಯ ಸುತ್ತ ಬಿಟ್ಟ ತೋಟದಲ್ಲಿ ಇಂದಿಗೂ ಕಾಣುತ್ತದೆ. ಮಂಗಳೂರು ಹೆಂಚು, ಕಾವಿ ಬಣ್ಣದ ನುಣುಪಾದ ನೆಲ, ಬೀದಿಗೆ ಮುಖಮಾಡಿದ ಜಗಲಿ, ಕಿಟಕಿಯ ಮೇಲೆ ಮರದ ಪಟ್ಟಿಗಳಿಂದ ಚೂಪಾಗಿ ಹೆಣೆದ ‘ಮಂಕಿ ಟಾಪ್’ – ಇವು ಇಲ್ಲಿಯ ಹಳೆಯ ಮನೆಗಳ ಲಕ್ಷಣ.

ಬಡಾವಣೆಗಿಂತ ಬಹು ಹಿಂದಿನದು ಅದಕ್ಕೆ ಹೆಸರಿತ್ತ ಬಸವ. ಒಂದೇ ಕಲ್ಲಿನಲ್ಲಿ ಕಡೆದ, ಸುಮಾರು 15 ಅಡಿ ಎತ್ತರದ ಈ ನಂದಿಯ ಗುಡಿಯನ್ನು ಕೆಂಪೇಗೌಡನು ಕಟ್ಟಿಸಿದನೆಂದು ಪ್ರತೀತಿ. ಪಕ್ಕದ ಕಹಳೆ ಬಂಡೆಯ ಮೇಲಿಂದ ಕಾವಲುಗಾರರು ಸಂಜೆ ಕಹಳೆಯೂದುತ್ತಿದ್ದರಂತೆ. ಈಗ ಅಲ್ಲಿ ಇರುಳಿನ ಆಗಮನವನ್ನು ಸಾರುವವು ಮರದಿಂದ ಮೇಲೇಳುವ ಬಾವಲಿಗಳು!

ಆ ಹೊತ್ತಿಗೆ ಗಾಂಧಿ ಬಜಾರಿನಲ್ಲಿ ಮಲ್ಲಿಗೆ ಮೊಳಗಳಲ್ಲಿ ಅಳೆಯಲ್ಪಡುತ್ತಿರುತ್ತದೆ. 1943ರಿಂದ ನಡೆದುಬಂದ ವಿದ್ಯಾರ್ಥಿ ಭವನದ ಮುಂದೆ ದೋಸೆಗಾಗಿ ಜನ ತಾಳ್ಮೆಯಿಂದ ಕಾದಿರುತ್ತಾರೆ. 1945ರಲ್ಲಿ ಬಿ. ಪಿ. ವಾಡಿಯಾ ಅವರು ಸ್ಥಾಪಿಸಿದ ವಿಶ್ವ ಸಂಸ್ಕೃತಿ ಸಂಸ್ಥೆಯಲ್ಲಿ ಉಪನ್ಯಾಸವೋ ಸಂಗೀತವೋ ಇರುತ್ತದೆ. ಅದೇ ವರ್ಷ ಡಿ. ವಿ. ಗುಂಡಪ್ಪನವರು ಆರಂಭಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ ಇಲ್ಲಿಯೇ ಇದೆ. ಕೇಳುವುದೇ ಈ ಇರುಳಿನ ಮುಖ್ಯ ವಿನೋದ. ಕಾರ್ತಿಕದ ಕಡೆಯ ಸೋಮವಾರ ಮಾತ್ರ ಬಸವನಗುಡಿ ತನ್ನ ಸಂಯಮವನ್ನು ಮರೆಯುತ್ತದೆ. ಕಡಲೆಕಾಯಿ ಪರಿಷೆಯ ಆ ರಾತ್ರಿ ರಸ್ತೆಯ ಇಕ್ಕೆಲದಲ್ಲೂ ಕಾಯಿಯ ರಾಶಿ, ಕಾಲಡಿಯಲ್ಲಿ ಸಿಪ್ಪೆಯ ಸದ್ದು.

ಆದರೆ ಈ ಇರುಳಿಗೆ ಆಸನವಾಗಿದ್ದ ಜಗಲಿಗಳು ಒಂದೊಂದಾಗಿ ಕಣ್ಮರೆಯಾಗುತ್ತಿವೆ. ಹಿರಿಯರು ತೀರಿಕೊಂಡ ಮೇಲೆ ಮನೆ ಪಾಲಾಗುತ್ತದೆ. ಹೆಂಚಿನ ಮನೆಯನ್ನು ನಾಲ್ವರಿಗೆ ಹಂಚುವುದು ಕಷ್ಟ, ನಿವೇಶನದ ಬೆಲೆಯನ್ನು ಹಂಚುವುದು ಸುಲಭ. ತೋಟವಿದ್ದೆಡೆ ಬಹುಮಹಡಿ ಏಳುತ್ತದೆ, ನೆಲಮಟ್ಟದಲ್ಲಿ ಕಾರುಗಳು ನಿಲ್ಲುತ್ತವೆ. ಮಾರುವವರನ್ನು ದೂರುವಂತಿಲ್ಲ, ಸೋರುವ ಮಾಡನ್ನು ಕಾಪಾಡುವ ವೆಚ್ಚ ಅವರಿಗೇ ಗೊತ್ತು. ಹೋಗುತ್ತಿರುವುದು ಮಾತ್ರ ಒಂದು ಊರು ಪ್ಲೇಗಿನಿಂದ ಕಲಿತ ಪಾಠ.

ಆದುದರಿಂದ ಬಸವನಗುಡಿಯನ್ನು ಕಾಣಬಯಸುವವರು ಹೊತ್ತಿರುವಾಗಲೇ ಬಂದು ಮೊದಲು ಮನೆಗಳನ್ನು ನೋಡುವುದು ಲೇಸು. ದೋಸೆ, ಸಂಗೀತ, ಪರಿಷೆಗಳು ಬರುವ ವರ್ಷಕ್ಕೂ ಇದ್ದಾವು. ಮನೆಗಳ ವಿಷಯದಲ್ಲಿ ಆ ಮಾತನ್ನು ಹೇಳುವಂತಿಲ್ಲ.